ಕಿವಿಗೆ ಕಾಣುವ ಕಥೆ

1924ನೆಯ ಇಸವಿ ಜನವರಿ 15ರ ರಾತ್ರಿ. ಬ್ರಿಟಿಷ್ ಬ್ರಾಡ್‌ಕಾಸ್ಟಿಂಗ್ ಕಂಪನಿಯು ಲಂಡನ್ನಿನಿಂದ ಒಂದು ಹೊಸ ಬಗೆಯ ನಾಟಕವನ್ನು ಪ್ರಸಾರ ಮಾಡಿತು. ಅದರ ಹೆಸರು ‘ಡೇಂಜರ್’, ಎಂದರೆ ‘ಅಪಾಯ’. ಬರೆದವನು ರಿಚರ್ಡ್ ಹ್ಯೂಸ್ ಎಂಬ ಇಪ್ಪತ್ತಮೂರು ವರ್ಷದ ತರುಣ. ಕೇಳುವವರು ಮನೆಯ ದೀಪಗಳನ್ನು ಆರಿಸಿ ಕುಳಿತು ಕೇಳಬೇಕೆಂದು ಮೊದಲೇ ಸೂಚನೆ ಕೊಡಲಾಗಿತ್ತು. ನಾಟಕ ಆರಂಭವಾಗುವುದು ವೇಲ್ಸ್ ಸೀಮೆಯ ಒಂದು ಕಲ್ಲಿದ್ದಲ ಗಣಿಯಲ್ಲಿ. ಗಣಿಯನ್ನು ನೋಡಲೆಂದು ಒಬ್ಬ ಯುವಕ, ಒಬ್ಬ ಯುವತಿ, ಒಬ್ಬ ಮುದುಕ ಭೂಮಿಯ ಒಡಲಿಗೆ ಇಳಿದಿದ್ದಾರೆ. ಇದ್ದಕ್ಕಿದ್ದಂತೆ ದೀಪಗಳು ಆರಿಹೋಗುತ್ತವೆ. ಸ್ವಲ್ಪ ಹೊತ್ತಿಗೆ ಸ್ಫೋಟವಾಗುತ್ತದೆ. ನೀರು ನುಗ್ಗಿ ಮೇಲೇರತೊಡಗುತ್ತದೆ. ಒಬ್ಬರ ಮುಖ ಒಬ್ಬರಿಗೆ ಕಾಣದು. ಮಾತೊಂದೇ ಅವರಿಗೆ ಉಳಿದ ಆಸರೆ.

ಅದಕ್ಕೆ ಮೊದಲು ಬಾನುಲಿಯಲ್ಲಿ ನಾಟಕಗಳೇ ಇರಲಿಲ್ಲವೆಂದಲ್ಲ. ರಂಗಭೂಮಿಗಾಗಿ ಬರೆದ ನಾಟಕಗಳನ್ನು ಮೈಕಿನ ಮುಂದೆ ಆಡಿ ತೋರಿಸುತ್ತಿದ್ದರು. ಆದರೆ ರಂಗದ ಮೇಲೆ ಕತ್ತಿ ಝಳಪಿಸುವುದು, ಪರದೆ ಸರಿಯುವುದು, ನಾಯಕನು ಕಣ್ಸನ್ನೆ ಮಾಡುವುದು ಯಾವುದೂ ಕೇಳುವವನಿಗೆ ತಲುಪುತ್ತಿರಲಿಲ್ಲ. ಯಾವುದೋ ಮನೆಯೊಳಗೆ ನಡೆಯುವ ಉತ್ಸವವನ್ನು ಗೋಡೆಯಾಚೆ ನಿಂತು ಕೇಳಿದಂತಾಗುತ್ತಿತ್ತು. ಹ್ಯೂಸ್ ಈ ತೊಡಕನ್ನು ಬೇರೊಂದು ದಿಕ್ಕಿನಿಂದ ನೋಡಿದನು. ಕೇಳುವವನಿಗೆ ಏನೂ ಕಾಣಿಸದೆಂದ ಮೇಲೆ, ಕಥೆಯೊಳಗಿನವರಿಗೂ ಏನೂ ಕಾಣಿಸದ ಸನ್ನಿವೇಶವನ್ನೇ ಆರಿಸಿಕೊಂಡರಾಯಿತಲ್ಲವೆ? ಗಣಿಯ ಕತ್ತಲೆಯೂ ಕೇಳುಗನ ಕೋಣೆಯ ಕತ್ತಲೆಯೂ ಒಂದಾದುವು. ಬಾನುಲಿಗೆಂದೇ ಬರೆದ ಮೊದಲ ನಾಟಕಗಳಲ್ಲಿ ಒಂದಾದ ಈ ಕೃತಿ ಆ ಕಲೆಯ ಮೂಲ ಸೂತ್ರವನ್ನು ಹುಟ್ಟಿನಲ್ಲಿಯೇ ಕಂಡುಕೊಂಡಿತು. ಕಣ್ಣಿಗೆ ಏನನ್ನೂ ಕೊಡಲಾರದ ಮಾಧ್ಯಮವು ಕೇಳುಗನ ಕಲ್ಪನೆಗೆ ಎಲ್ಲವನ್ನೂ ಬಿಟ್ಟುಕೊಡುತ್ತದೆ. ಕಥೆಯ ಅರ್ಧವನ್ನು ಹೇಳುವವನು ಕಟ್ಟಿದರೆ, ಉಳಿದರ್ಧವನ್ನು ಕೇಳುವವನು ಕಟ್ಟುತ್ತಾನೆ.

ಭರತಮುನಿಯ ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಅಂಗಾಂಗಗಳ ಚಲನೆ ಆಂಗಿಕ, ಮಾತು ವಾಚಿಕ, ವೇಷಭೂಷಣ ಆಹಾರ್ಯ, ಒಳಗಿನ ಭಾವವು ಕಂಬನಿಯಾಗಿ, ನಡುಕವಾಗಿ, ರೋಮಾಂಚವಾಗಿ ಹೊರಹೊಮ್ಮುವುದು ಸಾತ್ತ್ವಿಕ. ಬಾನುಲಿಯ ನಟನಿಗೆ ಆಂಗಿಕವೂ ಇಲ್ಲ, ಆಹಾರ್ಯವೂ ಇಲ್ಲ. ರತ್ನಖಚಿತವಾದ ಕಿರೀಟವನ್ನು ಧರಿಸಿ ಬಂದರೂ ಅದು ಕೇಳಿಸದು. ಅವನ ಪಾಲಿಗೆ ಉಳಿಯುವುದು ವಾಚಿಕವೊಂದೇ. ಸಾತ್ತ್ವಿಕವೂ ಆ ವಾಚಿಕದ ಬೆನ್ನೇರಿಯೇ ಬರಬೇಕು. ಎಂಟು ಸಾತ್ತ್ವಿಕ ಭಾವಗಳಲ್ಲಿ ಸ್ವರಭೇದವೂ ಒಂದೆಂಬುದು ಇಲ್ಲಿ ನೆನೆಯತಕ್ಕ ವಿಷಯ. ದುಃಖದಿಂದ ಗಂಟಲು ಬಿಗಿದು ಮಾತು ಒಡೆಯುವುದನ್ನು ಕಿವಿ ಗುರುತಿಸುವಷ್ಟು ನಿಚ್ಚಳವಾಗಿ ಕಣ್ಣೂ ಗುರುತಿಸಲಾರದು. ಮುಖದಲ್ಲಿ ನಗೆಯನ್ನು ತಂದುಕೊಂಡು ನೋವನ್ನು ಮರೆಸಬಹುದು; ದನಿಯಲ್ಲಿ ಅದನ್ನು ಮರೆಸುವುದು ಕಷ್ಟ.

ಕಥೆ ಹೇಳುವವನಿಗೂ ಕೇಳುವವನಿಗೂ ಇರುವ ಸಂಬಂಧವನ್ನು ಕನ್ನಡ ಸಾಹಿತ್ಯದಲ್ಲಿ ಬಹು ಸೊಗಸಾಗಿ ಚಿತ್ರಿಸಿದವನು ಮುದ್ದಣ. ‘ಶ್ರೀರಾಮಾಶ್ವಮೇಧ’ದಲ್ಲಿ ಮುದ್ದಣನು ಕಥೆ ಹೇಳುತ್ತಾನೆ, ಮನೋರಮೆ ಕೇಳುತ್ತಾಳೆ. ಆದರೆ ಆಕೆ ಸುಮ್ಮನೆ ಹೂಂಗುಟ್ಟುವ ಶ್ರೋತೃವಲ್ಲ. ಮಾತು ಕಠಿನವಾದಾಗ ತಡೆಯುತ್ತಾಳೆ, ಅರ್ಥವಾಗದಿದ್ದರೆ ಕೇಳುತ್ತಾಳೆ, ಬೇಸರವಾದರೆ ಬೇಸರವೆನ್ನುತ್ತಾಳೆ, ನಡುನಡುವೆ ಗಂಡನನ್ನು ಕೆಣಕುತ್ತಾಳೆ. ಅವಳ ಪ್ರಶ್ನೆಗಳಿಂದಲೇ ಅವನ ಕಥೆ ತಿಳಿಯಾಗುತ್ತದೆ. ಬಾನುಲಿಯ ಕಥೆಗಾರನ ಎದುರಿಗೂ ಒಬ್ಬ ಮನೋರಮೆ ಕುಳಿತಿರುತ್ತಾಳೆ. ಆದರೆ ಅವಳು ಅವನಿಗೆ ಕಾಣಳು. ಅವಳ ಮಾತು ಅವನಿಗೆ ಕೇಳಿಸದು. “ಈಗ ಮಾತಾಡಿದವರು ಯಾರು?”, “ಇದು ಹಗಲೋ ಇರುಳೋ?”, “ಇಷ್ಟು ಹೆಸರುಗಳನ್ನು ನಾನು ಹೇಗೆ ನೆನಪಿಟ್ಟುಕೊಳ್ಳಲಿ?” ಎಂದು ಅವಳು ಕೇಳಬಹುದಾದ ಪ್ರಶ್ನೆಗಳನ್ನೆಲ್ಲ ಅವನೇ ಊಹಿಸಿಕೊಂಡು ಮುಂಚಿತವಾಗಿ ಉತ್ತರ ಕೊಡಬೇಕು. ಪುಸ್ತಕ ಓದುವವನು ಅರ್ಥವಾಗದಿದ್ದರೆ ಪುಟವನ್ನು ಹಿಂದಕ್ಕೆ ತಿರುವಿ ನೋಡಬಹುದು. ಬಾನುಲಿಯ ಮಾತು ಒಮ್ಮೆ ಕಿವಿಯನ್ನು ದಾಟಿದರೆ ದಾಟಿದಂತೆಯೇ.

ಆದುದರಿಂದ ಕಿವಿಗಾಗಿ ಬರೆಯುವ ಗದ್ಯಕ್ಕೂ ಕಣ್ಣಿಗಾಗಿ ಬರೆಯುವ ಗದ್ಯಕ್ಕೂ ವ್ಯತ್ಯಾಸವುಂಟು. ಇಲ್ಲಿ ವಾಕ್ಯಗಳು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವಷ್ಟು ಚಿಕ್ಕವಾಗಿರಬೇಕು. ಕರ್ತೃಪದಕ್ಕೂ ಕ್ರಿಯಾಪದಕ್ಕೂ ನಡುವೆ ಬಹು ದೂರವಿರಬಾರದು. ಒಂದು ದೃಶ್ಯದಲ್ಲಿ ಪಾತ್ರಗಳ ಸಂಖ್ಯೆ ಮಿತವಾಗಿರಬೇಕು. ಅವರ ದನಿಗಳು ಒಂದನ್ನೊಂದು ಹೋಲಬಾರದು. ರಂಗದ ಮೇಲೆ ಒಬ್ಬನು ಮಾತಿಲ್ಲದೆ ನಿಂತಿದ್ದರೂ ಪ್ರೇಕ್ಷಕರು ಅವನನ್ನು ಕಾಣುತ್ತಾರೆ. ಬಾನುಲಿಯಲ್ಲಿ ಬಹಳ ಹೊತ್ತು ಮಾತಾಡದವನು ಅಲ್ಲಿ ಇಲ್ಲದವನಂತೆಯೇ ಸರಿ. ಅವನು ಅಲ್ಲಿದ್ದಾನೆಂಬುದನ್ನು ಒಂದು ಕೆಮ್ಮಿನಿಂದಲೋ, ಮತ್ತೊಬ್ಬರು ಅವನ ಹೆಸರು ಹಿಡಿದು ಕರೆಯುವುದರಿಂದಲೋ ಆಗಾಗ ನೆನಪಿಸಬೇಕಾಗುತ್ತದೆ.

ಕಾಣದ್ದನ್ನು ಕಾಣಿಸುವ ಅವಸರದಲ್ಲಿ ಹೊಸಬರು ಒಂದು ತಪ್ಪು ಮಾಡುತ್ತಾರೆ. ಉದಾಹರಣೆಗೆ, ಮಳೆಯಲ್ಲಿ ನೆಂಟರೊಬ್ಬರು ಮನೆಗೆ ಬರುವ ಸನ್ನಿವೇಶವನ್ನು ತೆಗೆದುಕೊಳ್ಳಬಹುದು. “ಓಹೋ, ನನ್ನ ಅಕ್ಕನ ಗಂಡನಾದ ಭಾವನವರೇ, ಜೋರು ಮಳೆಯಲ್ಲಿ ಕಪ್ಪು ಕೊಡೆ ಹಿಡಿದು ನಮ್ಮ ಮನೆಗೆ ಬರುತ್ತಿದ್ದೀರಲ್ಲ!” ಎಂದು ಪಾತ್ರದ ಬಾಯಲ್ಲಿ ಹೇಳಿಸಿದರೆ ಸಂಗತಿಗಳೆಲ್ಲ ತಿಳಿಯುತ್ತವೆ, ಆದರೆ ಜೀವ ಹೋಗುತ್ತದೆ. ಲೋಕದಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ. ಅದೇ ಸನ್ನಿವೇಶದಲ್ಲಿ, “ಬನ್ನಿ ಭಾವ. ಕೊಡೆ ಜಗುಲಿಯಲ್ಲೇ ಇರಲಿ, ಈಗತಾನೆ ನೆಲ ಒರೆಸಿದ್ದೇನೆ” ಎಂದಷ್ಟೇ ಹೇಳಿಸಿದರೆ ಸಾಕು. ಬಂದವನು ಯಾರು, ಹೊರಗೆ ಹವೆ ಹೇಗಿದೆ, ಮನೆ ಎಂಥದು, ಹೇಳುವವಳ ಸ್ವಭಾವವೇನು ಎಂಬುದೆಲ್ಲ ಆ ಎರಡು ಮಾತುಗಳಲ್ಲಿ ಅಡಗಿದೆ. ನೀರು ಸೋರುವ ಕೊಡೆಯನ್ನೂ ಒದ್ದೆ ಹೆಜ್ಜೆಗಳನ್ನೂ ಕೇಳುಗನೇ ಚಿತ್ರಿಸಿಕೊಳ್ಳುತ್ತಾನೆ. ಆ ಕೊಡೆಯ ಬಣ್ಣ ಯಾವುದೆಂಬುದು ಅವನಿಗೇ ಬಿಟ್ಟದ್ದು.

ಮಾತಿನ ಜೊತೆಗೆ ಬಾನುಲಿಗೆ ಇನ್ನೂ ಮೂರು ಸಾಧನಗಳುಂಟು: ಸದ್ದು, ಸಂಗೀತ, ಮೌನ. ಸದ್ದನ್ನು ಹುಟ್ಟಿಸುವ ಕೆಲಸದಲ್ಲಿ ಹಳೆಯ ಕಾಲದ ಬಾನುಲಿ ನಿಲಯದವರು ತೋರಿದ ಜಾಣತನ ಬೆರಗುಗೊಳಿಸುವಂಥದು. ತೆಂಗಿನ ಚಿಪ್ಪಿನ ಎರಡು ಹೋಳುಗಳನ್ನು ತಾಳಕ್ಕೆ ಸರಿಯಾಗಿ ಕುಟ್ಟಿದರೆ ಕುದುರೆ ಓಡುತ್ತದೆ. ಗಾಜಿನಂತೆ ಹೊಳೆಯುವ ತೆಳು ಕಾಗದವನ್ನು ಮೈಕಿನ ಬಳಿ ಮೆಲ್ಲಗೆ ಮುದುರಿದರೆ ಬೆಂಕಿ ಚಟಪಟನೆ ಉರಿಯುತ್ತದೆ. ಅಗಲವಾದ ತಗಡನ್ನು ಅಲುಗಿಸಿದರೆ ಗುಡುಗು. ಪಿಷ್ಟದ ಹುಡಿ ತುಂಬಿದ ಚೀಲವನ್ನು ಹಿಸುಕಿದರೆ ಹಿಮದ ಮೇಲೆ ಯಾರೋ ನಡೆದಂತೆ. ನಿಜವಾದ ಸದ್ದೇ ಯಾವಾಗಲೂ ನಿಜವಾಗಿ ಕೇಳಿಸುವುದೆಂಬ ನಿಯಮವಿಲ್ಲ. ಮಳೆಯ ಸದ್ದನ್ನು ಧ್ವನಿಮುದ್ರಿಸಿ ತಂದು ಕೇಳಿಸಿದರೆ ಬಾಣಲೆಯಲ್ಲಿ ಏನೋ ಕರಿಯುತ್ತಿರುವಂತೆಯೂ ತೋರಬಹುದು. ಅದು ಮಳೆಯೋ ಬಾಣಲೆಯೋ ಎಂಬುದನ್ನು ನಿಶ್ಚಯಿಸುವುದು ಅದರ ಹಿಂದೆಮುಂದೆ ಬರುವ ಮಾತು. ಆದುದರಿಂದ ಸದ್ದು ಮಾತಿಗೆ ನೆರಳಾಗಿ ಇರಬೇಕು. ಪ್ರತಿಯೊಂದು ಹೆಜ್ಜೆಗೂ ಪ್ರತಿಯೊಂದು ಬಾಗಿಲಿಗೂ ಸದ್ದು ತುಂಬಿದರೆ ಕಥೆ ಸಂತೆಯ ಗದ್ದಲವಾಗುತ್ತದೆ.

ಮೈಕಿನಿಂದ ನಟನು ನಿಲ್ಲುವ ದೂರವೂ ಒಂದು ಭಾಷೆಯೇ. ಒಂದೆರಡು ಗೇಣು ದೂರದಲ್ಲಿ ನಿಂತು ಸಹಜವಾಗಿ ಆಡಿದ ಮಾತು ಎದುರು ಕುಳಿತವನ ಮಾತಾಗುತ್ತದೆ. ನಾಲ್ಕು ಹೆಜ್ಜೆ ಹಿಂದೆ ಸರಿದು ಮುಖ ತಿರುಗಿಸಿ ಕೂಗಿದರೆ ಅದು ಹಿತ್ತಿಲಿನ ಕೂಗು. ತುಟಿಗೆ ಹತ್ತಿರವಾಗಿ ಮೈಕನ್ನಿಟ್ಟುಕೊಂಡು ಪಿಸುಗುಟ್ಟಿದರೆ ಅದು ಮನಸ್ಸಿನೊಳಗಿನ ಮಾತು. ರಂಗಭೂಮಿಯಲ್ಲಿ ನಟನ ಸ್ವಗತವು ಕೊನೆಯ ಸಾಲಿನ ಪ್ರೇಕ್ಷಕನಿಗೂ ಕೇಳಿಸಬೇಕಾಗಿರುವುದರಿಂದ ಅದೂ ಒಂದು ಬಗೆಯ ಘೋಷಣೆಯೇ. ನಿಜವಾದ ಸ್ವಗತವನ್ನು ಸಾಧ್ಯಗೊಳಿಸಿದ್ದು ಬಾನುಲಿ. ಸಂಗೀತವು ಇಲ್ಲಿ ತೆರೆಯ ಕೆಲಸ ಮಾಡುತ್ತದೆ: ಒಂದು ದೃಶ್ಯವನ್ನು ಮುಚ್ಚಿ ಇನ್ನೊಂದನ್ನು ತೆರೆಯುತ್ತದೆ. ಈ ಎಲ್ಲಕ್ಕಿಂತ ನಾಜೂಕಾದದ್ದು ಮೌನ. ಕೆಟ್ಟ ಸುದ್ದಿ ಕೇಳಿದ ತಾಯಿ ಎರಡು ಕ್ಷಣ ಏನೂ ಹೇಳದಿದ್ದರೆ ಕೇಳುಗನ ಎದೆ ಬಡಿದುಕೊಳ್ಳುತ್ತದೆ. ಅದೇ ಮೌನ ಹತ್ತು ಕ್ಷಣವಾದರೆ ಪೆಟ್ಟಿಗೆ ಕೆಟ್ಟಿತೆಂದು ಅವನು ತಿರುಪನ್ನು ತಿರುಗಿಸಲು ಏಳುತ್ತಾನೆ.

ಇಷ್ಟೆಲ್ಲ ಉಪಾಯಗಳ ಹಿಂದೆ ಇರುವುದು ಒಂದು ಮನುಷ್ಯಕಂಠ. ಮುಖವನ್ನು ಕಾಣದೆಯೇ ಕೇಳುಗನು ಆ ಕಂಠವನ್ನು ತನ್ನ ಮನೆಯವರದೆಂಬಂತೆ ಸ್ವೀಕರಿಸುತ್ತಾನೆ. ಕಲ್ಕತ್ತೆಯ ಬಾನುಲಿ ನಿಲಯವು 1930ರ ದಶಕದ ಆರಂಭದಿಂದ ಪ್ರಸಾರ ಮಾಡುತ್ತ ಬಂದ ‘ಮಹಿಷಾಸುರಮರ್ದಿನಿ’ ಎಂಬ ಕಾರ್ಯಕ್ರಮ ಇದಕ್ಕೆ ಸಾಕ್ಷಿ. ಮಹಾಲಯ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮುನ್ನವೇ ಎದ್ದು ಬೀರೇಂದ್ರಕೃಷ್ಣ ಭದ್ರರ ಕಂಠದಲ್ಲಿ ದೇವಿಯ ಕಥೆಯನ್ನು ಕೇಳುವುದು ಬಂಗಾಳದ ಮನೆಮನೆಯ ವಾಡಿಕೆಯಾಯಿತು. 1976ರಲ್ಲಿ ಅದರ ಬದಲು ಹೊಸ ಕಾರ್ಯಕ್ರಮವೊಂದನ್ನು ಸಿದ್ಧಪಡಿಸಿ, ಜನಪ್ರಿಯ ಚಿತ್ರನಟ ಉತ್ತಮಕುಮಾರರಿಂದ ಮಾತಾಡಿಸಿದರು. ಅವರು ಬಂಗಾಳದ ಕಣ್ಮಣಿ. ಆದರೂ ಕೇಳುಗರು ಒಪ್ಪಲಿಲ್ಲ. ಪ್ರತಿಭಟನೆ ಎಷ್ಟು ಪ್ರಬಲವಾಯಿತೆಂದರೆ ಹಳೆಯ ಕಂಠವನ್ನೇ ಮರಳಿ ತರಬೇಕಾಯಿತು. ಕಣ್ಣಿಗೆ ಪ್ರಿಯನಾದವನು ಕಿವಿಗೂ ಪ್ರಿಯನಾಗಬೇಕೆಂಬ ನಿಯಮವಿಲ್ಲ.

ಇಂಥ ನಂಬಿಕೆಯನ್ನು ಗಳಿಸಿದ ಮಾಧ್ಯಮಕ್ಕೆ ಹೊಣೆಯೂ ದೊಡ್ಡದು. 1938ರ ಅಕ್ಟೋಬರ್ 30ರಂದು ಅಮೆರಿಕದಲ್ಲಿ ನಡೆದ ಪ್ರಸಂಗ ಇದನ್ನು ತೋರಿಸಿಕೊಟ್ಟಿತು. ಎಚ್. ಜಿ. ವೆಲ್ಸ್ 1898ರಲ್ಲಿ ಪ್ರಕಟಿಸಿದ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಎಂಬ ಕಾದಂಬರಿಯನ್ನು ಆರ್ಸನ್ ವೆಲ್ಸ್ ಎಂಬ ನಟನು ಬಾನುಲಿಗೆ ಅಳವಡಿಸಿದನು. ಅವನ ವಯಸ್ಸೂ ಆಗ ಇಪ್ಪತ್ತಮೂರೇ. ಮಂಗಳ ಗ್ರಹದ ಜೀವಿಗಳು ಭೂಮಿಯ ಮೇಲೆ ದಾಳಿಮಾಡುವ ಕಥೆಯನ್ನು ಅವನು ವಾರ್ತಾಪ್ರಸಾರದ ರೂಪದಲ್ಲಿ ಹೇಳಿದನು. ನೃತ್ಯಸಂಗೀತ ನಡೆಯುತ್ತಿರುತ್ತದೆ, ಅದನ್ನು ತಡೆದು ತುರ್ತುವಾರ್ತೆ ಬರುತ್ತದೆ, ಮತ್ತೆ ಸಂಗೀತ, ಮತ್ತೆ ವಾರ್ತೆ. ಇದು ನಾಟಕವೆಂದು ಆರಂಭದಲ್ಲೇ ತಿಳಿಸಲಾಗಿತ್ತು. ತಡವಾಗಿ ಪೆಟ್ಟಿಗೆಯ ಮುಂದೆ ಕುಳಿತವರಲ್ಲಿ ಕೆಲವರು ಅದನ್ನು ನಿಜವೆಂದೇ ಭಾವಿಸಿ ಗಾಬರಿಗೊಂಡರು. ಮರುದಿನದ ಪತ್ರಿಕೆಗಳು ದೇಶಕ್ಕೆ ದೇಶವೇ ದಿಕ್ಕೆಟ್ಟು ಓಡಿತೆಂಬಂತೆ ಬರೆದುವು. ಆ ವರ್ಣನೆ ಬಹಳ ಮಟ್ಟಿಗೆ ಅತಿಶಯೋಕ್ತಿಯೆಂದು ಮುಂದೆ ವಿದ್ವಾಂಸರು ಪರಿಶೀಲಿಸಿ ತಿಳಿಸಿದ್ದಾರೆ. ಹೀಗೆ ಈ ಪ್ರಸಂಗದಲ್ಲಿ ಎರಡು ಪಾಠಗಳಿವೆ. ಕಿವಿಯ ನಂಬಿಕೆಯನ್ನು ಕಥೆಗಾರನು ಎಚ್ಚರದಿಂದ ಬಳಸಬೇಕೆಂಬುದು ಒಂದು. ಕಿವಿಗೆ ಬಿದ್ದದ್ದನ್ನಾಗಲಿ ಅಚ್ಚಿನಲ್ಲಿ ಕಂಡದ್ದನ್ನಾಗಲಿ ಕೇಳುಗನೂ ಓದುಗನೂ ವಿವೇಚಿಸದೆ ಒಪ್ಪಬಾರದೆಂಬುದು ಇನ್ನೊಂದು.

ಕನ್ನಡನಾಡಿನಲ್ಲಿ ಬಾನುಲಿಯ ಕಥೆ ಆರಂಭವಾದದ್ದು ಒಂದು ಮನೆಯಲ್ಲಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ನಿವಾಸವಾದ ‘ವಿಠ್ಠಲ ವಿಹಾರ’ದಿಂದ ಪ್ರಸಾರವನ್ನು ತೊಡಗಿದರು. ಆ ನಿಲಯಕ್ಕೆ ಇಟ್ಟ ಹೆಸರೇ ‘ಆಕಾಶವಾಣಿ’. 1950ರ ದಶಕದಲ್ಲಿ ಇಡೀ ಭಾರತದ ಬಾನುಲಿ ಜಾಲಕ್ಕೆ ಅದೇ ಹೆಸರು ಸಂದಿತು. ಮನುಷ್ಯನ ಮನಸ್ಸನ್ನು ಅಧ್ಯಯನ ಮಾಡಿದವರೊಬ್ಬರು ಈ ಕೆಲಸಕ್ಕೆ ಕೈಹಾಕಿದ್ದು ಅರ್ಥಪೂರ್ಣವಾಗಿದೆ. ಬಾನುಲಿಯ ರಂಗಮಂಟಪವಿರುವುದು ಕೇಳುವವನ ಮನಸ್ಸಿನಲ್ಲಿಯೇ ಅಲ್ಲವೆ? ಮುಂದೆ ಧಾರವಾಡ, ಬೆಂಗಳೂರು ಮೊದಲಾದ ನಿಲಯಗಳು ಬೆಳೆದುವು. ಬೆಂಗಳೂರು ನಿಲಯದಲ್ಲಿ ಎ. ಎಸ್. ಮೂರ್ತಿಯವರು ‘ಈರಣ್ಣ’ನಾಗಿ ಆಡಿದ ಮಾತುಗಳು ಎಷ್ಟು ಜನಪ್ರಿಯವಾದುವೆಂದರೆ ಅವರ ಸ್ವಂತ ಹೆಸರಿನ ಪಕ್ಕದಲ್ಲಿ ಪಾತ್ರದ ಹೆಸರೂ ಶಾಶ್ವತವಾಗಿ ನಿಂತುಬಿಟ್ಟಿತು.

ಬಹುಕಾಲ ಬಾನುಲಿಯಲ್ಲಿ ಪಟ್ಟಣದ ನಿಲಯ ಹೇಳುತ್ತಿತ್ತು, ಹಳ್ಳಿ ಕೇಳುತ್ತಿತ್ತು. ಹಳ್ಳಿಯೂ ಹೇಳಬಾರದೇಕೆ ಎಂಬ ಪ್ರಶ್ನೆ ಕ್ರಮೇಣ ಎದ್ದಿತು. ಅಲೆಗಳು ಸಾರ್ವಜನಿಕರ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಪು ಕೊಟ್ಟಿತು. ಆದರೂ ಹಳ್ಳಿಗರು ಸ್ವಂತ ಪ್ರಸಾರ ನಡೆಸಲು ಅನುಮತಿ ಸಿಗುವುದು ತಡವಾಯಿತು. ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ ಅದಕ್ಕಾಗಿ ಕಾಯುತ್ತ ಕೂರಲಿಲ್ಲ. 2000ದ ದಶಕದ ಆರಂಭದಲ್ಲಿ ಅಲ್ಲಿನ ಜನ ತಮ್ಮ ಕಾರ್ಯಕ್ರಮಗಳನ್ನು ತಾವೇ ಧ್ವನಿಮುದ್ರಿಸಿ, ಆಕಾಶದ ಬದಲು ಕೇಬಲ್ ತಂತಿಯ ಮೂಲಕ ಮನೆಮನೆಗೆ ಕಳುಹಿಸಿದರು. ಬೇಸಾಯ, ಆರೋಗ್ಯ, ಹಾಡು, ಹಳ್ಳಿಯ ಕುಂದುಕೊರತೆ ಎಲ್ಲಕ್ಕೂ ಅಲ್ಲಿ ಎಡೆಯಿತ್ತು. 2006ರಲ್ಲಿ ಸರ್ಕಾರದ ಹೊಸ ನೀತಿಯು ಸಂಘಸಂಸ್ಥೆಗಳಿಗೂ ಸಮುದಾಯ ಬಾನುಲಿಯನ್ನು ನಡೆಸುವ ಹಾದಿಯನ್ನು ತೆರೆಯಿತು. ಅಕ್ಷರ ಬಾರದವರಿಗೂ ಕಥೆ ಹೇಳಲು ಬರುತ್ತದೆ. ಲೇಖನಿ ಹಿಡಿಯಲಾರದ ಕೈಗೆ ಮೈಕು ಸಿಕ್ಕಿದರೆ, ಪುಸ್ತಕಗಳಲ್ಲಿ ಎಂದೂ ಕಾಣಿಸದ ಬದುಕು ಲೋಕಕ್ಕೆ ಕೇಳಿಸುತ್ತದೆ. ಈ ಕಲೆಯನ್ನು ಕಲಿಯಬೇಕಾದ ಕಾರಣಗಳಲ್ಲಿ ಇದು ಮುಖ್ಯವಾದದ್ದು.

ಇಂದು ಪಾಡ್‌ಕಾಸ್ಟ್ ಎಂಬ ಹೊಸ ರೂಪವೂ ಬಂದಿದೆ. ‘ಐಪಾಡ್’ ಎಂಬ ಕಿರುಯಂತ್ರದ ಹೆಸರೂ, ಪ್ರಸಾರವೆಂಬ ಅರ್ಥದ ‘ಬ್ರಾಡ್‌ಕಾಸ್ಟ್’ ಎಂಬ ಮಾತೂ ಕೂಡಿ 2004ರಲ್ಲಿ ಈ ಶಬ್ದ ಹುಟ್ಟಿತು. ಬಾನುಲಿಯ ಕಾರ್ಯಕ್ರಮಕ್ಕೆ ಕೇಳುಗನು ಹೊತ್ತು ನೋಡಿ ಕಾದಿರಬೇಕು; ಪಾಡ್‌ಕಾಸ್ಟ್ ಕೇಳುಗನಿಗಾಗಿ ಕಾದಿರುತ್ತದೆ. ಅದನ್ನು ನಿಲ್ಲಿಸಬಹುದು, ಹಿಂದಕ್ಕೆ ಸರಿಸಿ ಮತ್ತೆ ಕೇಳಬಹುದು. ಹಿಂದೆ ಇಡೀ ಮನೆ ಒಂದು ಪೆಟ್ಟಿಗೆಯ ಸುತ್ತ ಕುಳಿತು ಕೇಳುತ್ತಿತ್ತು. ಈಗ ಬಹುಮಂದಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಬ್ಬೊಬ್ಬರೇ ಕೇಳುತ್ತಾರೆ. ದನಿಯು ಅಷ್ಟು ಹತ್ತಿರ ಬಂದಾಗ ಭಾಷಣದ ಆರ್ಭಟ ಸಲ್ಲದು. ಒಬ್ಬರಿಗೆ ಹೇಳಿದಂತೆ ಹೇಳಬೇಕು. ದೊಡ್ಡ ನಿಲಯವಾಗಲಿ ದುಬಾರಿ ಯಂತ್ರಗಳಾಗಲಿ ಇದಕ್ಕೆ ಅನಿವಾರ್ಯವಲ್ಲ. ಒಂದು ಮೊಬೈಲ್ ಫೋನು, ಗದ್ದಲವಿಲ್ಲದ ಒಂದು ಕೋಣೆ, ಪ್ರತಿಧ್ವನಿಯನ್ನು ಹೀರಿಕೊಳ್ಳಲು ಗೋಡೆಗೆ ಇಳಿಬಿಟ್ಟ ಒಂದು ಕಂಬಳಿ ಇದ್ದರೆ ಕೆಲಸ ಆರಂಭವಾಗುತ್ತದೆ. ಆದರೆ ಸುಲಭವಾದದ್ದು ಧ್ವನಿಮುದ್ರಣ ಮಾತ್ರ. ಬೇಡವಾದ ಮಾತನ್ನು ಕತ್ತರಿಸುವ ವಿವೇಕ, ಎದುರಿನವರು ಹೇಳುವುದನ್ನು ಕೊನೆಯವರೆಗೆ ಕೇಳುವ ತಾಳ್ಮೆ, ಅವರ ಮಾತಿನ ಅರ್ಥ ಕೆಡದಂತೆ ಜೋಡಿಸುವ ಪ್ರಾಮಾಣಿಕತೆ ಯಾವ ಯಂತ್ರದಿಂದಲೂ ಬರುವುದಿಲ್ಲ. ಗಣಕಯಂತ್ರವು ಒಬ್ಬರ ಕಂಠವನ್ನು ಅನುಕರಿಸಿ, ಅವರು ಆಡದ ಮಾತನ್ನೂ ಆಡಿಸಬಲ್ಲ ಈ ಕಾಲದಲ್ಲಿ ಆ ಪ್ರಾಮಾಣಿಕತೆಗೆ ಹಿಂದೆಂದಿಗಿಂತ ಬೆಲೆ ಹೆಚ್ಚು.

ಹ್ಯೂಸ್‌ನ ಗಣಿಯಲ್ಲಿ ದೀಪಗಳು ಆರಿ ನೂರು ವರ್ಷಗಳು ಕಳೆದಿವೆ. ಅದರ ತರುವಾಯ ಚಲನಚಿತ್ರ ಮಾತು ಕಲಿಯಿತು, ದೂರದರ್ಶನ ಮನೆಯೊಳಕ್ಕೆ ಬಂದಿತು, ಅಂಗೈಯ ಮೇಲೆ ಚಿತ್ರಗಳು ಕುಣಿದುವು. ಆದರೂ ಕಣ್ಣು ಮುಚ್ಚಿ ಕಥೆ ಕೇಳುವ ಆಸೆ ಮನುಷ್ಯನನ್ನು ಬಿಟ್ಟಿಲ್ಲ. ಕಾಣದ ಮನೋರಮೆಯನ್ನು ಎದುರಿಗಿಟ್ಟುಕೊಂಡು, ಅವಳ ಬುದ್ಧಿಯನ್ನು ಗೌರವಿಸಿ, ಅವಳ ನಂಬಿಕೆಗೆ ಎರಡು ಬಗೆಯದೆ ಹೇಳಬಲ್ಲವನೇ ಈ ಕಲೆಯಲ್ಲಿ ಮುದ್ದಣನ ದಾರಿಯಲ್ಲಿ ನಡೆದವನು. ಅಂಥವನಾಗಬಯಸುವವನು ಹೇಳುವುದಕ್ಕೆ ಮೊದಲು ಕಲಿಯಬೇಕಾದುದು ಕೇಳುವುದನ್ನು.

ಅಭ್ಯಾಸ

1. ‘ಡೇಂಜರ್’ ನಾಟಕದ ಸನ್ನಿವೇಶಕ್ಕೆ ಗಣಿಯನ್ನು ಆರಿಸಿಕೊಂಡದ್ದು ಏಕೆ?
2. ಬಾನುಲಿಯ ನಟನಿಗೆ ನಾಲ್ಕು ಬಗೆಯ ಅಭಿನಯಗಳಲ್ಲಿ ಯಾವುವು ಒದಗುತ್ತವೆ? ವಿವರಿಸಿರಿ.
3. ಮನೋರಮೆಗೂ ಬಾನುಲಿಯ ಕೇಳುಗನಿಗೂ ಇರುವ ಸಾಮ್ಯವೇನು, ವ್ಯತ್ಯಾಸವೇನು?
4. 1938ರ ಪ್ರಸಂಗದಿಂದ ಕಥೆಗಾರನೂ ಕೇಳುಗನೂ ಕಲಿಯಬೇಕಾದ ಪಾಠಗಳನ್ನು ಬರೆಯಿರಿ.
5. “ಅಕ್ಷರ ಬಾರದವರಿಗೂ ಕಥೆ ಹೇಳಲು ಬರುತ್ತದೆ.” ಬೂದಿಕೋಟೆಯ ಉದಾಹರಣೆಯೊಡನೆ ಈ ಮಾತನ್ನು ಸಮರ್ಥಿಸಿರಿ.
6. ಸಂತೆಯಿಂದ ತಡವಾಗಿ ಮನೆಗೆ ಮರಳಿದ ಅಜ್ಜನನ್ನು ಮೊಮ್ಮಗಳು ಎದುರುಗೊಳ್ಳುವ ಸನ್ನಿವೇಶವನ್ನು ಬಾನುಲಿಗಾಗಿ ಹತ್ತು ಮಾತುಗಳಲ್ಲಿ ಬರೆಯಿರಿ. ಕತ್ತಲಾಗಿದೆಯೆಂಬುದು ‘ಕತ್ತಲು’ ಎಂಬ ಪದವಿಲ್ಲದೆಯೇ ಕೇಳುಗನಿಗೆ ತಿಳಿಯುವಂತಿರಲಿ.